ಆಯುಧಪೂಜೆಗೆ ತಂದಿಟ್ಟ ನನ್ನ ಕಂಪ್ಯೂಟರ್

ನಿಮ್ಮ ಸ್ವಂತ ವಸ್ತುವಿಗೆ ನೀವೇ ಕೈಯಾರೆ ಬೇರೆಯವರ ಬಣ್ಣ ಹೊಡೆದು, ಆಮೇಲೆ ಅದು ನನ್ನದು ನನ್ನದು ಎಂದು ಹೇಳಿಕೊಂಡು ತಿರುಗಿದ್ದೀರಾ? ನಾನು ತಿರುಗಿದ್ದೇನೆ.

ತೊಂಬತ್ತರ ದಶಕದ ಕೊನೆಯ ಮಾತು. ಪೀಣ್ಯದಲ್ಲಿ ಕರೆಂಟಿನ ಪ್ಯಾನೆಲ್ ಬಾಕ್ಸ್ ಮಾಡುವ ಒಂದು ಶೆಡ್ಡಿನಲ್ಲಿ ನಾನು ತಗಡು ಕತ್ತರಿಸುತ್ತಿದ್ದೆ. ಐಟಿಐ ಓದಿದವನು. ಸಂಜೆ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಹಾಕುವುದನ್ನು ಕಲಿಯುತ್ತಿದ್ದೆ. ಎಲೆಕ್ಟ್ರಾನಿಕ್ ಸಿಟಿಯ ಆಫೀಸೊಂದು ಸಂಕ್ರಾಂತಿ ಕಳೆದ ಮೇಲೆ ಪರೀಕ್ಷೆ ಇಟ್ಟು ಡ್ರಾಫ್ಟ್ಸ್‌ಮನ್ ಕೆಲಸಕ್ಕೆ ಜನ ತೆಗೆದುಕೊಳ್ಳುತ್ತದೆಂದು ಕ್ಲಾಸಿನ ಮೇಷ್ಟ್ರು ಹೇಳಿದ್ದರು. ತಗಡಿನಿಂದ ತಪ್ಪಿಸಿಕೊಳ್ಳಲು ನನಗೆ ಕಂಡಿದ್ದ ದಾರಿ ಅದೊಂದೇ. ಆದರೆ ಕ್ಲಾಸಿನಲ್ಲಿ ಒಂದು ಕಂಪ್ಯೂಟರಿಗೆ ಮೂರು ಜನ. ಕೈ ಪಳಗಬೇಕೆಂದರೆ ನನ್ನದೇ ಒಂದು ಬೇಕಿತ್ತು.

ವೈಟ್‌ಫೀಲ್ಡ್ ಕಡೆಯ ಆಫೀಸೊಂದು ಹಳೆಯದೆಂದು ಮಾರಿದ ಪುಟ್ಟ ಡೆಸ್ಕ್‌ಟಾಪ್ ಸಿಕ್ಕಿತು. ಆಗ ಎಲ್ಲರ ಕಂಪ್ಯೂಟರುಗಳೂ ಸೂಟ್‌ಕೇಸಿನಷ್ಟು ಇರುತ್ತಿದ್ದವು. ಇದು ಮಲಗಿಸಿದ ದಿಂಬಿನಷ್ಟು. ತೊಡೆಯ ಮೇಲಿಟ್ಟುಕೊಂಡು ಎರಡು ಬಸ್ಸು ಬದಲಿಸಿ ರಾಜಗೋಪಾಲನಗರದ ರೂಮಿಗೆ ತಂದೆ. ರೂಮಿನಲ್ಲಿ ನನ್ನ ಜೊತೆ ಬಾಗಲಕೋಟೆ ಕಡೆಯ ಗೆಳೆಯನೊಬ್ಬನಿದ್ದ. ಅದೇ ಶೆಡ್ಡಿನಲ್ಲಿ ತಗಡು ಬಗ್ಗಿಸುವ ಮಷೀನು ಅವನದು.

"ಏನಲೇ ಇದು, ರೊಟ್ಟಿ ಡಬ್ಬಿ ಇದ್ದಂಗ ಐತಿ. ಇದರಾಗ ಏನ್ ಬರೀತಿ ನೀ?"

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಡ್ರಾಯಿಂಗ್ ಸಾಫ್ಟ್‌ವೇರಿಗೆ ಸರಾಗವಾಗಿ ಓಡಲು ಇನ್ನೊಂದು ಹಾರ್ಡ್ ಡಿಸ್ಕ್ ಬೇಕಿತ್ತು, ಒಳಗೆ ಬೆರಳು ತೂರಿಸಲೂ ಜಾಗವಿರಲಿಲ್ಲ. ಶೀಟಿನ ಮನೆಯ ಸೆಕೆಗೆ ಅರ್ಧ ಗಂಟೆಯಲ್ಲಿ ಕಾದು, ಎಳೆದ ಗೆರೆ ಅರ್ಧಕ್ಕೇ ನಿಂತುಬಿಡುತ್ತಿತ್ತು. ಮುಚ್ಚಳ ತೆಗೆದಿಟ್ಟರೆ ಓಡುತ್ತಿತ್ತು, ಆದರೆ ಜಿರಲೆ ನುಗ್ಗುತ್ತಿದ್ದವು. ಕೊನೆಗೆ ಎರಡಿಂಚು ಎತ್ತರದ ಹೊಸ ಮುಚ್ಚಳ ಮಾಡುವುದೆಂದು ತೀರ್ಮಾನಿಸಿದೆ. ಆ ಕಂಪ್ಯೂಟರಿನಲ್ಲಿ ನಾನು ಹಾಕಿದ ಮೊದಲ ನಿಜವಾದ ಡ್ರಾಯಿಂಗ್ ಅದರದೇ ಮುಚ್ಚಳದ್ದು.

ಶೆಡ್ಡಿನ ಸ್ಕ್ರ್ಯಾಪ್ ಡ್ರಮ್ಮಿನಿಂದ ತಗಡಿನ ತುಂಡು ಎತ್ತಿಕೊಂಡು ಊಟದ ಬಿಡುವಿನಲ್ಲಿ ಕತ್ತರಿಸಿದೆ, ಗಾಳಿಗೆ ತೂತು ಹೊಡೆದೆ. ಗೆಳೆಯ ಬಗ್ಗಿಸಿಕೊಟ್ಟ. ಒಳಗೆ ಎರಡನೇ ಡಿಸ್ಕೂ ದೊಡ್ಡ ಫ್ಯಾನೂ ಕೂತವು. ಬಣ್ಣಕ್ಕೆಂದು ಮುಚ್ಚಳವನ್ನು, ಬಣ್ಣ ಹೊಡೆಯುವ ಸಾಲಿನಲ್ಲಿ ಪ್ಯಾನೆಲ್ ಬಾಕ್ಸುಗಳ ಜೊತೆಯಲ್ಲೇ ನೇತುಹಾಕಿಬಿಟ್ಟೆ. ಶೆಡ್ಡಿನ ಬಾಕ್ಸುಗಳ ಅದೇ ಬೂದು ಬಣ್ಣ ಇದಕ್ಕೂ ಬಂತು.

"ಮಾಲಕರ ಬಾಕ್ಸಿಗಿಂತ ಚಂದ ಆಗೇತಿ ನೋಡಪಾ," ಎಂದ ಗೆಳೆಯ.

ಆ ಹೊಗಳಿಕೆ ನನ್ನ ತಲೆಗೇರಿತು. ಆಯುಧಪೂಜೆ ದಿನ ಎಲ್ಲರೂ ತಮ್ಮ ಬೈಕು, ಸೈಕಲ್ಲು ತೊಳೆದು ಶೆಡ್ಡಿಗೆ ತರುತ್ತಿದ್ದರು. ನನ್ನ ಹತ್ತಿರ ಬೈಕಿರಲಿಲ್ಲ. ಕಂಪ್ಯೂಟರು ತಂದೆ. ತಂದವನು ಬೈಕುಗಳ ಜೊತೆ ಅಂಗಳದಲ್ಲಿ ಇಡಬಹುದಿತ್ತು. ಒಳಗೆ ಮಷೀನುಗಳ ಸಾಲಿನಲ್ಲಿ, ಆ ವರ್ಷವೇ ಬಂದಿದ್ದ, ತಗಡಿಗೆ ತೂತು ಹೊಡೆಯುವ ಪಂಚಿಂಗ್ ಮಷೀನಿನ ಪಕ್ಕದ ಸಂದಿಯಲ್ಲಿ ಇಟ್ಟೆ. ನಾಲ್ಕು ಜನ ನೋಡಲಿ ಎಂದು.

ವಿಭೂತಿ, ಕುಂಕುಮ, ಸೇವಂತಿಗೆ ಎಲ್ಲ ಆಯಿತು. ಓನರು ಬಂದು ಬಗ್ಗಿ ನೋಡಿದರು.

"ಯಾರ್ದಪ್ಪಾ ಇದು? ಸಕ್ಕತ್ತಾಗಿದೆ."

"ನಂದೇ ಸಾರ್."

"ನಿಂದಾ? ನಮ್ ಬಣ್ಣ ಇದೆಯಲ್ಲೋ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಪೂಜೆ ಮಾಡಿದ ಆಯುಧ ಅವತ್ತು ಮುಟ್ಟಬಾರದು. ಬೈಕಿಗೆ ಮಾತ್ರ ಆ ಕಟ್ಟಿಲ್ಲ, ಬೈಕಿನವರು ನಿಂಬೆಹಣ್ಣಿನ ಮೇಲೆ ಗಾಲಿ ಹತ್ತಿಸಿ ಮನೆಗೆ ಹೋದರು. ನಾನು ನನ್ನದನ್ನು ಅಲ್ಲೇ ಬಿಟ್ಟು, ಕೈಯಲ್ಲಿ ಕಡ್ಲೆಪುರಿ ಪೊಟ್ಟಣ ಹಿಡಿದು ಬಂದೆ.

ಹಬ್ಬದ ರಜೆ ಮುಗಿಸಿ ಹೋದರೆ ನನ್ನ ಕಂಪ್ಯೂಟರಿಗೂ ಪಂಚಿಂಗ್ ಮಷೀನಿಗೂ ಕೇಬಲ್ ಎಳೆದಿದ್ದರು. ಆ ಮಷೀನಿಗೆ ಪ್ರೋಗ್ರಾಮ್ ಕಳಿಸಲು ಪಕ್ಕದಲ್ಲೇ ಒಂದು ಕಂಪ್ಯೂಟರ್ ಬೇಕಿತ್ತಂತೆ. ಆಫೀಸಿನ ದೊಡ್ಡದು ಆ ಸಂದಿಯಲ್ಲಿ ಹಿಡಿಯುತ್ತಿರಲಿಲ್ಲ. ನನ್ನದು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತ್ತು. ಡಿಸ್ಕಿನಲ್ಲಿ ಜಾಗ ಸಾಲದೆಂದು ಆ ಮಷೀನಿನ ಆಪರೇಟರು ನನ್ನ ಡ್ರಾಯಿಂಗ್ ಸಾಫ್ಟ್‌ವೇರು ಅಳಿಸಿಯೂ ಆಗಿತ್ತು.

ಓನರ ಹತ್ತಿರ ಹೋದೆ. "ಸಾರ್, ಅದು ನನ್ನ ಸ್ವಂತದ್ದು."

"ಯಾರ್ ಇಲ್ಲ ಅಂದ್ರು? ನಾನೇನು ಮನೆಗೆ ತಗೊಂಡೋಗಿದೀನಾ? ಅದೂ ನಮ್ ಶೆಡ್ಡಲ್ಲೇ ಇದೆ, ನೀನೂ ನಮ್ ಶೆಡ್ಡಲ್ಲೇ ಇದೀಯ. ಹೊಸದು ಹೇಳಿದೀನಿ, ಬಂದ್ಮೇಲೆ ಎತ್ಕೊಂಡೋಗು."

ದೀಪಾವಳಿಗೂ ಹೊಸದು ಬರಲಿಲ್ಲ. ಕಾರ್ತಿಕದಲ್ಲಿ ಮತ್ತೆ ಕೇಳಿದೆ. ಈ ಸಲ ಅವರು ತಲೆ ಎತ್ತಲಿಲ್ಲ.

"ಅದರ ಡಬ್ಬ ಯಾವ ತಗಡಲ್ಲಿ ಬಗ್ಗಿಸ್ದೆ ನೀನು? ನಾನೇನಾದ್ರೂ ಕೇಳಿದ್ನಾ?"

ವಾಪಸು ಹೋಗಿ ತಗಡು ಕತ್ತರಿಸಿದೆ. ಬಾಯಿ ಬಿಟ್ಟರೆ ಗೆಳೆಯನ ಹೆಸರೂ ಬರುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಪರೀಕ್ಷೆಗೆ ಹೋದೆ. ಏನು ಬರೆಯಬೇಕೆಂದು ಗೊತ್ತಿತ್ತು, ಕೀಬೋರ್ಡಿನ ಮೇಲೆ ಕೈ ತಡಕಾಡುತ್ತಿತ್ತು. ಡ್ರಾಯಿಂಗ್ ಮುಗಿಯುವ ಮೊದಲೇ ಟೈಮು ಮುಗಿಯಿತು. ಕಂಪ್ಯೂಟರು ರೂಮಿನಲ್ಲಿದ್ದಿದ್ದರೆ ಪಾಸಾಗುತ್ತಿದ್ದೆನೇ? ಗೊತ್ತಿಲ್ಲ. ಗೊತ್ತಾಗುವ ಅವಕಾಶವನ್ನೇ ಕಳೆದುಕೊಂಡೆ, ಅದೇ ಹೊಟ್ಟೆಯುರಿ.

ಮುಂದಿನ ಆಯುಧಪೂಜೆ ಹೊತ್ತಿಗೆ ಶೆಡ್ಡಿನ ಎಲ್ಲ ಮಷೀನಿಗೂ ನಂಬರ್ ಬರೆಸಿದ್ದರು. ನನ್ನ ಮುಚ್ಚಳದ ಮೇಲೆ ಹಳದಿ ಬಣ್ಣದಲ್ಲಿ ಹದಿನಾಲ್ಕು. ಗಾಳಿಯ ತೂತುಗಳಲ್ಲಿ ಹಿಂದಿನ ವರ್ಷದ ಕುಂಕುಮ ಇನ್ನೂ ಇತ್ತು. ಓನರು ಅರಿಶಿನ ಕುಂಕುಮದ ತಟ್ಟೆಯನ್ನು ನನ್ನ ಕಡೆ ಚಾಚಿದರು.

"ಇದಕ್ಕೆ ನೀನೇ ಹಚ್ಚೋ. ಯಜಮಾನ ನೀನೇ ಅಲ್ವಾ?"

ಮತ್ತೆ ಎಲ್ಲರೂ ನಕ್ಕರು. ಗೆಳೆಯ ಮಾತ್ರ ನೆಲ ನೋಡುತ್ತಿದ್ದ. ನಾನು ಬೆರಳು ಅದ್ದಿ ಹಚ್ಚಿದೆ. ನೆಟ್ಟಗೆ, ನಡುಮಧ್ಯಕ್ಕೆ, ಅಂದವಾಗಿಯೇ ಹಚ್ಚಿದೆ.

ನಿಮ್ಮ ಕಣ್ಣೆದುರೇ ನಿಮ್ಮದೊಂದು ಇನ್ನೊಬ್ಬರದಾಗಿದ್ದರೆ ಕೆಳಗೆ ಬರೆಯಿರಿ, ಒಂದನ್ನೂ ಬಿಡದೆ ಓದುತ್ತೇನೆ. ಸ್ಕ್ರೂ ಬಿಚ್ಚಿ ಒಳಗಿನದನ್ನು ಎತ್ತಿಕೊಂಡು ಬರಬೇಕಿತ್ತು ಎನ್ನುವವರು, ಅಂಥ ಹೊತ್ತಿನಲ್ಲಿ ನೀವು ಏನನ್ನು ಎತ್ತಿಕೊಂಡು ಬಂದಿರಿ ಎಂಬುದನ್ನೂ ಬರೆಯಿರಿ.