ಹಗುರ ಹ್ಯಾಂಡಲ್ಲಿನ ಗಾಡಿ

ನನ್ನ ಗಂಡನ ಮಣಿಕಟ್ಟು ಮುರಿದ ಸದ್ದು ತೆರೆಗಳ ಅಬ್ಬರದ ನಡುವೆಯೂ ನನಗೆ ಕೇಳಿಸಿತು. ಕಾಪುವಿನ ದಡದಲ್ಲಿ ನಾನು ಮೀನಿನ ಬುಟ್ಟಿ ಹಿಡಿದು ನಿಂತಿದ್ದೆ. ಅವರು ಎಟಿವಿಗೆ ಹಗ್ಗ ಕಟ್ಟಿ ನಮ್ಮ ದೋಣಿಯನ್ನು ಮರಳಿನ ಮೇಲಕ್ಕೆ ಎಳೆಯುತ್ತಿದ್ದರು. ಮರಳಿನೊಳಗೆ ಹೂತಿದ್ದ ಬಂಡೆಗೆ ಮುಂದಿನ ಚಕ್ರ ಬಡಿಯಿತು, ಹ್ಯಾಂಡಲ್ ಗಿರ್ರನೆ ತಿರುಗಿತು, ಅವರ ಬಲಗೈಯೂ ಅದರೊಟ್ಟಿಗೆ ತಿರುಗಿತು. ಒಣಗಿದ ತೆಂಗಿನ ಮಡಲನ್ನು ಮೊಣಕಾಲಿಗೆ ಒತ್ತಿ ಮುರಿದರೆ ಬರುತ್ತದಲ್ಲ, ಅಂಥ ಸದ್ದು. ಬಾಗಲಕೋಟೆ ಕಡೆಯ ಇಬ್ಬರು ಕೆಲಸದವರು ಓಡಿ ಬಂದು ಅವರನ್ನು ಗಾಡಿಯಿಂದ ಇಳಿಸಿದಾಗ ಅಂಗೈ ಒಂದು ಕಡೆ ನೋಡುತ್ತಿತ್ತು, ತೋಳು ಇನ್ನೊಂದು ಕಡೆ.

ಎಟಿವಿ ಎಂದರೆ ಪ್ರವಾಸಿಗಳು ಬೀಚಿನಲ್ಲಿ ಕೇಕೆ ಹಾಕುತ್ತ ಓಡಿಸುವ ದಪ್ಪ ಚಕ್ರದ ಗಾಡಿ. ನಮ್ಮದು ಯಾವುದೋ ರೆಸಾರ್ಟಿನವರು ಹಳತಾಯಿತೆಂದು ಮಾರಿದ್ದು. ನಮಗೆ ಅದು ಆಟದ ಸಾಮಾನಲ್ಲ. ನಮ್ಮಂಥ ಸಣ್ಣ ದೋಣಿಯವರು ತೆರೆ ಹಾರಿಸಿ ನೇರ ದಡಕ್ಕೇ ಬರುತ್ತಾರೆ, ಬಂದ ಕೂಡಲೇ ದೋಣಿಯನ್ನು ಮೇಲಕ್ಕೆ ಎಳೆಯದಿದ್ದರೆ ಹಿಂದಿನಿಂದ ಬರುವ ತೆರೆ ಅದನ್ನು ಬಡಿದು ಒಡೆಯುತ್ತದೆ. ಹಿಂದೆ ಹತ್ತಾರು ಜನ ಹೆಗಲು ಕೊಟ್ಟು ಮಾಡುತ್ತಿದ್ದ ಕೆಲಸ ಅದು. ಈಗ ಅಷ್ಟು ಜನ ಎಲ್ಲಿ ಸಿಗುತ್ತಾರೆ?

ಮಣಿಪಾಲದ ಆಸ್ಪತ್ರೆಯಲ್ಲಿ ಪ್ಲೇಟು ಕೂರಿಸಿದ ಡಾಕ್ಟರ್ ಕೇಳಿದರು, "ಹ್ಯಾಂಡಲ್ ತಿರುಗಿದಾಗ ಕೈ ಬಿಡಬಹುದಿತ್ತಲ್ಲ?" ನಮ್ಮವರು ಅವರನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದರು. ದೋಣಿಯವನು ಹಿಡಿ ಬಿಡುವುದುಂಟೇ? ತೆರೆ ದಾಟುವಾಗ ದೋಣಿಯ ಹಿಂಬದಿಗೆ ಕಟ್ಟಿದ ಎಂಜಿನ್ನಿನ ಹಿಡಿ ಎಷ್ಟು ಒದೆದರೂ ಮೈಭಾರ ಹಾಕಿ ಅಮುಕಿಕೊಳ್ಳಬೇಕು. ಬಿಟ್ಟರೆ ದೋಣಿ ಅಡ್ಡ ತಿರುಗಿ ಮಗುಚುತ್ತದೆ, ಮನುಷ್ಯ ಕೆಳಗೆ ಸಿಕ್ಕಿಬೀಳುತ್ತಾನೆ. ಮೀಸೆ ಮೂಡುವ ಮೊದಲೇ ಕಲಿತ ಆ ಪಾಠವೇ ಅವರ ಎಲುಬನ್ನು ಮುರಿದಿತ್ತು. "ಇನ್ನೊಂದು ಇಂಥ ಪೆಟ್ಟು ಬಿದ್ದರೆ ಈ ಕೈ ಮುಷ್ಟಿ ಕಟ್ಟುವುದಿಲ್ಲ" ಎಂದರು ಡಾಕ್ಟರ್. ಮುಷ್ಟಿ ಕಟ್ಟದ ಕೈಯಲ್ಲಿ ತೆರೆ ದಾಟಲಿಕ್ಕೆ ಆಗುವುದಿಲ್ಲ. ಮತ್ತೆ ದೋಣಿ ಇಟ್ಟುಕೊಂಡು ಮಾಡುವುದೇನು?

ಆಸ್ಪತ್ರೆಯಿಂದ ಬರುವಾಗಲೇ ಪವರ್ ಸ್ಟಿಯರಿಂಗ್ ಇರುವ ಎಟಿವಿಯ ಮಾತು ಶುರುವಾಯಿತು. ಉಡುಪಿಯಲ್ಲಿ ಇಂಥ ಗಾಡಿ ಮಾರುವ ಅಂಗಡಿಯವನೊಬ್ಬ ತಿಳಿಸಿ ಹೇಳಿದ: ಹ್ಯಾಂಡಲ್ಲಿನ ಕೆಳಗೆ ಒಂದು ಸಣ್ಣ ಕರೆಂಟಿನ ಮೋಟಾರು ಉಂಟು, ತಿರುಗಿಸುವಾಗ ಅದೇ ಬಲ ಹಾಕುತ್ತದೆ, ಕಲ್ಲಿಗೆ ಬಡಿದರೆ ಪೆಟ್ಟನ್ನು ಅದೇ ತಿನ್ನುತ್ತದೆ, ಕೈಗೆ ಬಿಡುವುದಿಲ್ಲ. ದಡದಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯ. ಉಪ್ಪುಗಾಳಿಗೆ ಕರೆಂಟಿನ ಸಾಮಾನು ಒಂದು ಮಳೆಗಾಲ ತಾಳಲಿಕ್ಕಿಲ್ಲ ಎಂದರು ಕೆಲವರು. ನಮ್ಮವರಂತೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಹಳೆಯ ಗಾಡಿಯೇ ಸಾಕು, ಕೈ ವಾಸಿಯಾದ ಮೇಲೆ ನೋಡುವ ಎಂದು ಹಟ ಹಿಡಿದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಗಂಜಿಯ ಬಟ್ಟಲನ್ನು ಗೋಡೆಗೆ ಎಸೆದು, "ಒಮ್ಮೆ ಓಡಿಸಿ ನೋಡದೆ ಬೇಡ ಎಂದರೆ ನಾಳೆಯಿಂದ ನಿಮ್ಮ ಅನ್ನ ನೀವೇ ಬೇಯಿಸಿ" ಎಂದೆ. ಒಂದೇ ಕೈಯಲ್ಲಿ ಅನ್ನ ಬಸಿಯುವುದು ಹೇಗೆಂದು ಯೋಚಿಸಿರಬೇಕು, ಒಪ್ಪಿದರು.

ಅಂಗಡಿಯಲ್ಲಿ ಓಡಿಸಿ ನೋಡಲು ಜಾಗವಿರಲಿಲ್ಲ. ಬಜಗೋಳಿಯ ಹತ್ತಿರ ರಬ್ಬರ್ ತೋಟದವರೊಬ್ಬರು ಅಂಥದೇ ಗಾಡಿಯನ್ನು ಹೆಚ್ಚು ಓಡಿಸದೆ ಮಾರಲಿಕ್ಕೆ ಇಟ್ಟಿದ್ದಾರೆಂದು ಅವನೇ ದಾರಿ ಹೇಳಿದ. ಹಿರಿಯಡ್ಕ ದಾಟಿ ಕಾರ್ಕಳಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ತೋಟ ಮುಟ್ಟಿದೆವು. ತೋಟದ ಯಜಮಾನರು ಕೀಲಿ ಕೊಟ್ಟು ನೆರಳಿಗೆ ಕುಳಿತರು. ನಮ್ಮವರು ಡಾಕ್ಟರ್ ಕೊಟ್ಟ ಬೆಲ್ಟು ಕಟ್ಟಿದ ಕೈಯನ್ನು ಮೆಲ್ಲನೆ ಹ್ಯಾಂಡಲ್ಲಿನ ಮೇಲಿಟ್ಟು ಆಚೀಚೆ ತಿರುಗಿಸಿದರು. ಅವರ ಮುಖ ಅರಳಿದ್ದನ್ನು ಎಷ್ಟೋ ದಿನಗಳ ಮೇಲೆ ನೋಡಿದೆ. "ಒಂದು ಬೆರಳು ಸಾಕು ಮಾರಾಯ್ತಿ, ಬೆಣ್ಣೆ ಹಾಗೆ ಉಂಟು" ಎಂದರು.

ಇಳಿಜಾರಿನ ಕೆಮ್ಮಣ್ಣಿನ ದಾರಿ. ಇಳಿದು ಬರುವವರ ಎಡಕ್ಕೆ ಮುರಕಲ್ಲಿನ ತಗ್ಗುಗೋಡೆ, ಅದಕ್ಕೆ ಒರಗಿ ನಾನು ನಿಂತಿದ್ದೆ. ಬಲಕ್ಕೆ ಖಾಲಿ ಬಯಲು. ಅವರು ಮೇಲಿನಿಂದ ಒಳ್ಳೆಯ ವೇಗದಲ್ಲೇ ಬರುತ್ತಿದ್ದರು. ಆಗ ತೋಟದ ನಾಯಿ ಪೊದೆಯಿಂದ ಹಾರಿ ಗಾಡಿಗೆ ಅಡ್ಡ ಬಂತು. ಬಯಲಿನ ಕಡೆ ತಿರುಗಿಸಿದ್ದರೆ ಮುಗಿದಿತ್ತು. ಅವರು ಹ್ಯಾಂಡಲನ್ನು ಎಡಕ್ಕೆ ದೂಡಿದರು. ಗಾಡಿ ನೆಟ್ಟಗೆ ನನ್ನ ಮೇಲೆ ಬಂತು. ನಾನು ಹಿಮ್ಮುಖವಾಗಿ ಗೋಡೆಯಾಚೆ ಬಿದ್ದೆ, ಗಾಡಿ ಗೋಡೆಗೆ ಗುದ್ದಿತು, ಕಲ್ಲುಗಳು ಉರುಳಿ ನನ್ನ ಕಣಕಾಲಿನ ಚರ್ಮವನ್ನು ಸುಲಿದುಕೊಂಡು ಹೋದವು.

ಎದ್ದವಳೇ ರಕ್ತ ಸುರಿಯುವ ಕಾಲಲ್ಲೇ ಗೋಡೆ ಹತ್ತಿ ಅವರ ಅಂಗಿ ಹಿಡಿದು ಎಳೆದು ಬೆನ್ನಿಗೆ ಬಾರಿಸಿದೆ. ಮೀನಿನ ಮಾರ್ಕೆಟ್ಟಿನಲ್ಲಿ ಬೆಳೆದ ಕೈ ನನ್ನದು, ಪೆಟ್ಟು ಸಣ್ಣದೇನಲ್ಲ. "ಕೊಲ್ಲಲಿಕ್ಕೆ ಬಂದದ್ದಾ? ಬಲಕ್ಕೆ ಅಷ್ಟು ಜಾಗ ಇರುವಾಗ ಎಡಕ್ಕೆ ಯಾಕೆ ತಿರುಗಿಸಿದ್ದು?"

ಅವರು ಬಿಳಿಚಿಕೊಂಡಿದ್ದರು. "ಬಲಕ್ಕೆ ಹೋಗಲಿಕ್ಕೇ ಎಡಕ್ಕೆ ದೂಡಿದ್ದು" ಎಂದರು.

ಎತ್ತಿದ ಕೈ ಹಾಗೇ ನಿಂತಿತು. ದೋಣಿಯ ಎಂಜಿನ್ನಿನ ಹಿಡಿಯನ್ನು ಎಡಕ್ಕೆ ದೂಡಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಜೀವಕ್ಕೆ ಬಂದ ಆ ಗಳಿಗೆಯಲ್ಲಿ ಅವರ ಕೈ ನೆಲವನ್ನು ಮರೆತು ದೋಣಿ ನಡೆಸಿತ್ತು.

"ಹಳೇ ಗಾಡಿಯಲ್ಲಿ ಹೀಗೆ ಆಗಲಿಲ್ಲವಲ್ಲ" ಎಂದೆ.

"ಅದು ಕೋಣದ ಹಾಗೆ. ಅದರೊಟ್ಟಿಗೆ ಗುದ್ದಾಡುವಾಗ ಇದು ದೋಣಿ ಅಲ್ಲ ಅಂತ ನೆನಪು ಇರುತ್ತದೆ. ಇದು ಹಗುರ. ಕೈಗೆ ದೋಣಿಯ ಹಿಡಿ ಅಂತಲೇ ಆಗುತ್ತದೆ."

ಹಳೆಯದನ್ನು ಓಡಿಸಿದರೆ ಕೈ ಹೋಗುತ್ತದೆ, ಹೊಸದನ್ನು ಓಡಿಸಿದರೆ ಯಾರದಾದರೂ ಜೀವ ಹೋಗುತ್ತದೆ. ಕೆಲಸದವರಿಬ್ಬರೂ ದೋಣಿಯನ್ನು ಎರಡು ಬದಿಯಿಂದ ಹಿಡಿದಿರಬೇಕು, ಗಾಡಿಗೆ ಬೇರೆ ಜನವಿಲ್ಲ. ಕಾರ್ಕಳದಿಂದ ಹಿಂದಿರುಗುವ ಬಸ್ಸಿನಲ್ಲಿ ನಾನು ಕಾಲಿಗೆ ಸೆರಗು ಸುತ್ತಿಕೊಂಡು ಇದನ್ನೇ ಅಗಿಯುತ್ತಿದ್ದೆ. ಹಿರಿಯಡ್ಕದ ಹತ್ತಿರ ಹೇಳಿದೆ, "ಗಾಡಿ ತೆಗೆದುಕೊಳ್ಳುವ. ಓಡಿಸುವುದು ನಾನು. ನನಗೆ ಸ್ಕೂಟರ್ ಬರುತ್ತದೆ, ದೋಣಿ ಬರುವುದಿಲ್ಲ. ನನ್ನ ಕೈ ತಪ್ಪಲಿಕ್ಕಿಲ್ಲ."

"ಹೆಂಗಸು ದೋಣಿ ಎಳೆಯುವುದಾ? ದಡದವರು ಎಂತ ಹೇಳಿಯಾರು?" ಎಂದು ಅವರು ಕಿಟಕಿಯ ಕಡೆ ತಿರುಗಿದರು. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ ನಾನು ದಡದವರ ವಂಶವನ್ನೆಲ್ಲ ಜಾಲಾಡಿದೆ.

ಮರುದಿನ ಬೆಳಿಗ್ಗೆ ದಡಕ್ಕೆ ಹೋದರೆ ನಮ್ಮವರು ಹಳೆಯ ಗಾಡಿಯ ಮೇಲೆ ಕುಳಿತು ಎಂಜಿನ್ ಚಾಲೂ ಮಾಡಿದ್ದರು. ಕೈ ವಾಸಿಯಾಗುವವರೆಗೆ ಅವರ ತಮ್ಮ ದೋಣಿ ನಡೆಸುತ್ತಿದ್ದ. ಅವನು ಆಗಷ್ಟೇ ತೆರೆ ಹಾರಿಸಿ ಬಂದಿದ್ದ, ನೀರಿಳಿತದ ಹೊತ್ತಾದ್ದರಿಂದ ದೋಣಿ ತೆರೆಗೆ ಸಿಗದೆ ಮರಳಿನಲ್ಲಿ ಕೂತಿತ್ತು, ಹಗ್ಗವನ್ನೂ ಕಟ್ಟಿಯಾಗಿತ್ತು. ನಾನು ಕೀಲಿ ಕಿತ್ತು ಸಮುದ್ರಕ್ಕೆ ಎಸೆದೆ. ದೋಣಿ ಕಟ್ಟುವ ಗೂಟ ಬಡಿಯಲು ಇಟ್ಟುಕೊಂಡ ದೊಡ್ಡ ಸುತ್ತಿಗೆಯನ್ನು ಎತ್ತಿ ಹ್ಯಾಂಡಲ್ಲಿಗೆ ಬೀಸಿದೆ. ಲೋಹ ಚೀರಿತು, ಕನ್ನಡಿ ಪುಡಿಯಾಗಿ ಹಾರಿತು. ಅವರು ಕೆಳಗೆ ಜಿಗಿದರು. ಕೆಲಸದವನೊಬ್ಬ, "ಯಕ್ಕಾ, ಬಿಡ್ರಿ, ಸಾಕ್ರಿ" ಎಂದು ಹತ್ತಿರ ಬಂದವನು ಸುತ್ತಿಗೆ ಕಂಡು ಹಿಂದೆ ಸರಿದ.

ನಾನು ಎರಡನೇ ಸಲ ಎತ್ತಿದಾಗ ಅವರು ಪ್ಲೇಟು ಹಾಕಿದ ಬಲಗೈಯನ್ನು ತಂದು ಹ್ಯಾಂಡಲ್ಲಿನ ಮೇಲೆ ಇಟ್ಟರು.

"ಹೊಡಿ" ಎಂದರು.

"ಕೈ ತೆಗೆಯಿರಿ."

"ಕೈ ಹೋದರೆ ಹೋಗಲಿ. ಆ ಬಂಡೆಯ ಮೇಲೆ ನೀನು ಗಾಡಿ ಬಿಡುವುದನ್ನು ನಾನು ದಡದಲ್ಲಿ ನಿಂತು ನೋಡುವುದಾ? ಅದು ನನ್ನಿಂದ ಆಗುವುದಿಲ್ಲ."

ದಡದವರ ಮಾತಿನ ಭಯ ಎಂದುಕೊಂಡಿದ್ದೆ. ಅದು ಬೇರೆಯೇ ಭಯವಾಗಿತ್ತು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು.

"ಮದುವೆಯಾದಂದಿನಿಂದ ನೀವು ತೆರೆ ದಾಟುವಾಗ ನಾನು ದಿನಾ ಈ ದಡದಲ್ಲಿ ನಿಂತು ಮಾಡುತ್ತಾ ಇದ್ದದ್ದು ಎಂತ ಮತ್ತೆ?" ಎಂದು ಕೇಳಿದೆ.

ಅವರು ಕೈ ತೆಗೆದರು. ನಾನು ಹ್ಯಾಂಡಲ್ ತುಂಡಾಗಿ ಮರಳಿಗೆ ಬೀಳುವವರೆಗೂ ಹೊಡೆದೆ.