ಸಂದಪ್ಪನ ಗೋಡೆಗೊಂದು ತೂತು

ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಊರಿಗೆಲ್ಲ ಅವನು ಸಂದಪ್ಪ. ಬಾಗಿಲು ಕಿಟಕಿಗಳ ಸಂದು ಮುಚ್ಚುವುದು ಅವನ ಕಸುಬು. ರಬ್ಬರ್ ಪಟ್ಟಿ, ಪುಟ್ಟಿ ಡಬ್ಬ, ಒಂದು ಮೇಣದಬತ್ತಿ, ಇಷ್ಟೇ ಸರಂಜಾಮು. ಕೆಲಸ ಮುಗಿದ ಮೇಲೆ ಮೇಣದಬತ್ತಿ ಹಚ್ಚಿ ಕಿಟಕಿಯುದ್ದಕ್ಕೂ ಹಿಡಿಯುತ್ತಿದ್ದ. ಮೂವತ್ತು ವರ್ಷದಲ್ಲಿ ಅದರ ಕುಡಿ ಒಮ್ಮೆಯೂ ಅಲ್ಲಾಡಲಿಲ್ಲವಂತೆ. ಹೇಳಿದವನು ಅವನೇ, ನಂಬದೆ ಬೇರೆ ದಾರಿಯಿಲ್ಲ.

ಸ್ವಂತ ಮನೆಯನ್ನಂತೂ ಬಿಸ್ಕತ್ತಿನ ಡಬ್ಬದಂತೆ ಭದ್ರ ಮಾಡಿದ್ದ. “ಗಾಳಿ ಕೂಡ ನನ್ನನ್ನ ಕೇಳ್ಕೊಂಡೇ ಒಳಗೆ ಬರಬೇಕು” ಎಂದು ಎದೆಯುಬ್ಬಿಸಿ ಹೇಳುತ್ತಿದ್ದ. ನಡುಮನೆಯ ಕಬ್ಬಿಣದ ಸೌದೆ ಒಲೆ ತಂದಾಗಿನಿಂದ ಹನ್ನೊಂದು ಚಳಿಗಾಲ ಚೊಕ್ಕವಾಗಿ ಉರಿದಿತ್ತು. ಅದೂ ತನ್ನ ಕೈಗುಣವೆಂದೇ ನಂಬಿದ್ದ.

ಈ ಸಲ ಚಳಿ ಶುರುವಾಗುವ ಹೊತ್ತಿಗೆ ಉಗ್ರಾಣದ ಕಿಟಕಿಯಲ್ಲಿ, ಹಿಟ್ಟಿನ ಡಬ್ಬದ ಹಿಂದೆ, ಒಂದು ಗೇಣು ಪಟ್ಟಿ ಮಾಯವಾಗಿದ್ದು ಕಣ್ಣಿಗೆ ಬಿತ್ತು. ಇಲಿಗಳಿಗೆ ಹಿಡಿಶಾಪ ಹಾಕಿ ಹೊಸ ಪಟ್ಟಿ ಒತ್ತಿದ. ಮಾರನೆಯ ದಿನ ಒಲೆ ಹಚ್ಚಿದರೆ ಬೆಂಕಿ ಮುನಿಸಿಕೊಂಡಿತು. ಹೊಗೆ ಚಿಮಣಿ ಬಿಟ್ಟು ನಡುಮನೆಗೆ ಬಂತು. ಮೊದಲೇ ಉಬ್ಬಸವಿದ್ದ ಹೆಂಡತಿ ಕೆಮ್ಮಿ ಕೆಮ್ಮಿ ಸೋತಳು. ಸಂದಪ್ಪ ಸೌದೆ ಹಸಿ ಎಂದ, ಚಿಮಣಿಯಲ್ಲಿ ಮಸಿ ಎಂದ, ಎರಡು ಸಲ ತಾನೇ ಹತ್ತಿ ಗುಡಿಸಿದ. ನಾಲ್ಕನೆಯ ದಿನ ಅವಳು ಚೀಲಕ್ಕೆ ಬಟ್ಟೆ ತುಂಬತೊಡಗಿದಳು.

“ಚಳಿಗಾಲ ಅಕ್ಕನ ಮನೇಲಿ ಕಳೀತೀನಿ ರೀ. ಇಲ್ಲಿ ಉಸಿರಾಡಕ್ಕಾಗಲ್ಲ. ಇನ್ನೊಂದು ಮಾತು, ಆ ಪಟ್ಟಿ ತಿಂದಿದ್ದು ಇಲಿಯಲ್ಲ. ಒಲೆ ತಂದ ವರ್ಷವೇ ನಾನು ಕತ್ತರಿಸಿದ್ದು.”

ಹನ್ನೊಂದು ವರ್ಷದ ಕೈಗುಣ ಯಾರದೆಂದು ಆಗ ತಿಳಿಯಿತು. ಸಂದಪ್ಪ ಪೆಚ್ಚಾದ. ಆದರೂ ಅವಳು ಹೊರಟೇಬಿಟ್ಟಾಳೆಂಬ ಭಯ ಹಟಕ್ಕಿಂತ ದೊಡ್ಡದಾಗಿತ್ತು; ಒಲೆ ಕೂರಿಸಿದವನನ್ನು ಕರೆತಂದ.

“ಬೆಂಕಿಗೂ ಗಾಳಿ ಬೇಕಲ್ಲ ಯಜಮಾನ್ರೇ,” ಎಂದ ಅವನು. “ನೀವು ಬಿಡದಿದ್ರೆ ಅದು ಚಿಮಣಿಯಿಂದಲೇ ಎಳ್ಕೊಳ್ಳುತ್ತೆ, ಜೊತೆಗೆ ಹೊಗೇನೂ. ಗೋಡೆಗೆ ತೂತು ಕೊರೆದು, ಹೊರಗಿಂದ ಒಲೆ ಹೊಟ್ಟೆಗೇ ಪೈಪ್ ಕೊಡಿ.”

ತೂತು ಎಂಬ ಮಾತಿಗೇ ಸಂದಪ್ಪನ ಮೈ ಉರಿಯಿತು. ಆದರೂ ಹೆಂಡತಿಯ ಚೀಲ ಕಣ್ಣೆದುರೇ ಇತ್ತು; ಮರುದಿನ ತಾನೇ ಗೋಡೆ ಕೊರೆದ. ಬೀದಿಯವರು ಕೆಲಸ ಬಿಟ್ಟು ನೋಡಲು ನಿಂತರು. ಪೈಪು ಕೂರಿಸಿ, ಹೊರಬಾಯಿಗೆ ಜಾಲರಿ ಹೊಡೆದು, ಸುತ್ತ ಪುಟ್ಟಿ ಮೆತ್ತಿದ. ಒಲೆ ಧಗ್ಗನೆ ಹೊತ್ತಿಕೊಂಡು ಹೊಗೆ ತನ್ನ ದಾರಿ ಹಿಡಿಯಿತು. ಅವಳು ಚೀಲದಿಂದ ಬಟ್ಟೆ ತೆಗೆದಿಟ್ಟಳು.

ಅರ್ಧ ಗಂಟೆಯಲ್ಲಿ ಗರ್ವವೂ ವಾಪಸ್ಸು ಬಂತು. ಸಂದಪ್ಪ ಮೇಣದಬತ್ತಿ ಹಚ್ಚಿ ಮನೆಯೆಲ್ಲ ಸುತ್ತಿದ. ಉಗ್ರಾಣದಲ್ಲಿ, ಹಿಟ್ಟಿನ ಡಬ್ಬದ ಹಿಂದೆ, ಕುಡಿ ಅಲ್ಲಾಡಿತು. ಹೊಸ ಪಟ್ಟಿಯಲ್ಲೂ ಒಂದು ಗೇಣು ಇರಲಿಲ್ಲ.

“ಏನೇ ಇದು? ಒಲೆಗೆ ಪೈಪ್ ಕೊಟ್ಟಾಯ್ತಲ್ಲ.”

ಬಾಗಿಲಲ್ಲಿ ನಿಂತಿದ್ದ ಅವಳು, “ಅದು ಒಲೆಗೆ. ಇದು ನನಗೆ,” ಎಂದಳು.

ನಿನಗೆ ಗಾಳಿ ಸಾಕೇ ಎಂದು ಇಷ್ಟು ವರ್ಷ ಅವನು ಕೇಳಿರಲಿಲ್ಲ. ನಾಚಿಕೆಯಾಯಿತು. ಪುಟ್ಟಿಯ ಮುಚ್ಚಳ ಹಾಕಿ, ಹಿಟ್ಟಿನ ಡಬ್ಬವನ್ನು ಕಿಟಕಿಯಿಂದ ಆಚೆಗೆ ಸರಿಸಿಟ್ಟ.