ಮಹಡಿಯವಳ ಉಸಿರು

ನಮ್ಮ ಡಬ್ಬಿಂಗ್ ಸ್ಟುಡಿಯೋದಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ಯಾವ ಪಾತ್ರಕ್ಕೆ ಹೆಚ್ಚು ಕಾಲ ದನಿ ಕೊಟ್ಟಿರೋ ಅದೇ ನಿಮ್ಮ ಹೆಸರು. ನಾನು ಬೇರೆ ಭಾಷೆಯ ಸೀರಿಯಲ್‌ಗಳಲ್ಲಿ ಕೆಮ್ಮುವ ಮಾವಂದಿರಿಗೆಲ್ಲ ಕನ್ನಡದಲ್ಲಿ ಕೆಮ್ಮಿ ಕೆಮ್ಮಿ ತಲೆ ಬೆಳ್ಳಗೆ ಮಾಡಿಕೊಂಡವನು. ಹಾಗಾಗಿ ನಾನು ಎಲ್ಲರಿಗೂ ಮಾವ. ನಾನು ಹೇಳಹೊರಟವಳು ದೆವ್ವ. "ದೆವ್ವ ಬಂತಾ?" ಎಂದು ಕೇಳಿಕೊಂಡೇ ಯಜಮಾನರು ಬೆಳಗಿನ ಕೆಲಸ ಶುರು ಮಾಡುತ್ತಿದ್ದರು. "ಬಂತು, ಬಿಸಿನೀರು ಕೊಡಿ" ಎಂದು ಅವಳು ಮೂಲೆಯಿಂದ ಉತ್ತರ ಕೊಡುತ್ತಿದ್ದಳು.

ನೋಡಿದರೆ ದೆವ್ವದ ಲಕ್ಷಣ ಒಂದೂ ಇಲ್ಲ. ಗುಂಡು ಮುಖ, ಕುಳ್ಳಗಿನ ಆಳು, ಕೈಯಲ್ಲಿ ಸದಾ ತರಕಾರಿ ಚೀಲ. ಮೈಕಿನ ಮುಂದೆ ನಿಲ್ಲುವ ಮೊದಲು ಬಳೆ ಕಳಚಿ ಚೀಲಕ್ಕೆ ಹಾಕುತ್ತಿದ್ದಳು. ಗಂಜಿ ಹಾಕಿದ ಬಟ್ಟೆ ಉಡುತ್ತಲೇ ಇರಲಿಲ್ಲ, ಮೈಕಿಗೆ ಅದರ ಸರಬರ ಕೇಳಿಸುತ್ತದೆ ಎಂದು. ಗಂಡ ಲಾರಿ ಓಡಿಸುವವನು, ಮನೆಯಲ್ಲಿ ಇದ್ದದ್ದಕ್ಕಿಂತ ರಸ್ತೆಯಲ್ಲಿ ಇದ್ದದ್ದೇ ಹೆಚ್ಚು. ಅತ್ತೆ ಮತ್ತು ಕಾಲೇಜಿಗೆ ಹೋಗುವ ಮಗಳು, ಇವರಿಬ್ಬರನ್ನೂ ಇವಳೇ ನೋಡಿಕೊಂಡು ಬಂದವಳು. ಎಷ್ಟೋ ವರ್ಷ ಸೀರಿಯಲ್‌ಗಳಲ್ಲಿ ಪಕ್ಕದ ಮನೆಯವಳು, ನರ್ಸು, ಮದುವೆ ಮನೆಯ ಗದ್ದಲ, ಇಷ್ಟೇ ಅವಳ ಪಾಲಿಗೆ ಬಂದದ್ದು. ಆಮೇಲೆ 'ಮಹಡಿಯವಳು' ಬಂತು.

ಕಥೆ ನಿಮಗೆ ಗೊತ್ತಿಲ್ಲದಿದ್ದರೆ ನೀವು ಟೀವಿ ಇಲ್ಲದ ಪುಣ್ಯವಂತರು. ಒಂದು ಬಾಡಿಗೆ ಮನೆ. ಅದರ ಮಹಡಿಯ ಕೋಣೆಯಲ್ಲಿ ಬೀಗ ಹಾಕಿಸಿಕೊಂಡು ಸತ್ತ ಒಬ್ಬ ಹೆಂಗಸು. ಹಸಿರು ಬಾಗಿಲಿನ ಹಿಂದೆ ನಿಂತು ಅವಳು ಹೇಳುವುದು ಒಂದೇ ಮಾತು, "ಬಾಗಿಲು ತೆಗಿ, ನಾನಿನ್ನೂ ಒಳಗಿದೀನಿ." ಮೂಲದಲ್ಲಿ ಇದನ್ನು ಯಾರೋ ಕಿರುಚಿ ಹೇಳಿದ್ದರು. ನಮ್ಮವಳೂ ಮೊದಲ ದಿನ ಕಿರುಚಿ ನೋಡಿದಳು, ಗೊಗ್ಗರು ದನಿಯಲ್ಲಿ ಹೇಳಿ ನೋಡಿದಳು. ರೆಕಾರ್ಡಿಂಗ್ ಮಾಡುವವನು ಆಕಳಿಸಿದ. ಆಗ ಅವಳು ಉಸಿರನ್ನು ಒಳಕ್ಕೆ ಎಳೆದುಕೊಳ್ಳುತ್ತಾ ಅದೇ ಮಾತು ಹೇಳಿದಳು. ಆಕಳಿಸುತ್ತಿದ್ದವನ ಬಾಯಿ ಅರ್ಧಕ್ಕೇ ನಿಂತಿತು. ನನ್ನ ತೋಳಿನ ಕೂದಲು ನಿಮಿರಿದ್ದು ನನಗೆ ಇನ್ನೂ ನೆನಪಿದೆ.

ಹೊರಗೆ ಬಂದ ಮೇಲೆ ಇದೇನಮ್ಮಾ ಎಂದು ಕೇಳಿದೆ.

"ಸತ್ತೋಳ ಹತ್ರ ಹೊರಗೆ ಬಿಡೋಕೆ ಉಸಿರೆಲ್ಲಿರುತ್ತೆ ಮಾವ? ಅವಳು ಎಳ್ಕೊಳ್ತಾನೇ ಇರ್ತಾಳೆ" ಎಂದಳು.

ಹೇಳುವುದಕ್ಕೆ ಸುಲಭ. ನೀವೇ ಒಮ್ಮೆ ಉಸಿರು ಎಳೆದುಕೊಳ್ಳುತ್ತಾ ನಾಲ್ಕು ಮಾತಾಡಿ ನೋಡಿ, ಗಂಟಲು ಒಣಗಿ ಕೆಮ್ಮು ಬರುತ್ತದೆ. ಅವಳು ಅದನ್ನು ಒಂದು ಸೀಸನ್ ಪೂರ್ತಿ ಮಾಡಿದಳು. ಊರೆಲ್ಲ ಆ ಮಾತು ಹಿಡಿದುಕೊಂಡಿತು. ಬಸ್ಸಿನ ಬಾಗಿಲು ತೆರೆಯದಿದ್ದರೆ ಜನ ಹಾಗೇ ಹೇಳುತ್ತಿದ್ದರು, ಬಚ್ಚಲಲ್ಲಿ ತಡ ಮಾಡಿದ ಅಣ್ಣನಿಗೆ ತಂಗಿಯರು ಹಾಗೇ ಹೇಳುತ್ತಿದ್ದರು. ಅಭಿಮಾನಿಗಳು ಮೊಬೈಲಿನಲ್ಲಿ ಬರೆದದ್ದನ್ನು ಮಗಳು ಓದಿ ಹೇಳುತ್ತಿದ್ದಳು, ಇವಳು ಅನ್ನಕ್ಕೆ ನೀರಿಡುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಅತ್ತೆಗೆ ಮಾತ್ರ ಆ ದೃಶ್ಯ ಬಂದರೆ ಜೀವ ಬಾಯಿಗೆ ಬರುತ್ತಿತ್ತು. ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದರು. ಪ್ರತಿ ಸಲವೂ ಇವಳು ಅವರ ತೊಡೆ ತಟ್ಟಿ, "ಹೆದರಬೇಡಿ ಅತ್ತೆ, ಅದು ನಾನೇ" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಆ ಮನೆಯಲ್ಲಿ ಅದೊಂದು ವಾರದ ಆಟವಾಗಿತ್ತು.

ಸೀಸನ್ ಮುಗಿಯುವ ಹೊತ್ತಿಗೆ ಅವಳ ಗಂಟಲು ಹೋಯಿತು. ಮಾತಾಡದೆ ಇರಿ ಎಂದರು ಡಾಕ್ಟರು. ಮಾತಾಡಿ ಬದುಕುವವಳಿಗೆ ಎಂಥ ಔಷಧಿ ನೋಡಿ. ಅವಳು ಹಠ ಹಿಡಿದು ಹಾಗೇ ಇದ್ದಳು, ಗುಣವೂ ಆಯಿತು. ಎರಡನೇ ಸೀಸನ್ ಶುರುವಾಗುವ ಮುಂಚೆ ಸ್ಟುಡಿಯೋಗೆ ಬಂದರೆ ಅಲ್ಲಿ ಹೊಸಬಳೊಬ್ಬಳು ಕೂತಿದ್ದಳು. ದೆವ್ವಕ್ಕೊಂದು ತಂಗಿ ಬರುತ್ತಾಳೆ, ಇವಳಿಗೆ ನಿನ್ನ ಉಸಿರಿನ ವಿದ್ಯೆ ಸ್ವಲ್ಪ ಹೇಳಿಕೊಡು ಎಂದರು ಯಜಮಾನರು. ಹೇಳಿಕೊಟ್ಟಳು. ಬಿಸಿನೀರು ಯಾವಾಗ ಕುಡಿಯಬೇಕು ಎಂಬುದನ್ನೂ ಬಿಡದೆ ಹೇಳಿಕೊಟ್ಟಳು. ಆ ಹುಡುಗಿ ಕೆಟ್ಟವಳಲ್ಲ, ಅಕ್ಕಾ ಅಕ್ಕಾ ಎಂದು ಹಿಂದೆ ಹಿಂದೆ ಬರುತ್ತಿದ್ದಳು. ಆದರೆ ಉಸಿರು ಎಳೆದಾಗಲೆಲ್ಲ ಕೆಮ್ಮು. ಕೊನೆಗೆ ರೆಕಾರ್ಡಿಂಗಿನವನು, ಇರಲಿ ಬಿಡಮ್ಮ, ಸುಮ್ಮನೆ ಹೇಳು, ಮಿಕ್ಕಿದ್ದನ್ನು ಮೆಷಿನ್ನಿನಲ್ಲಿ ಸರಿ ಮಾಡುತ್ತೇನೆ ಎಂದ.

ಸೀರಿಯಲ್‌ನಲ್ಲಿ ದೆವ್ವಕ್ಕೆ ತಂಗಿ ಗಿಂಗಿ ಯಾರೂ ಇರಲಿಲ್ಲ.

ಹುಡುಗಿಯನ್ನು ತಂದದ್ದು ತನ್ನ ಜಾಗಕ್ಕೇ ಎಂದು ಗೊತ್ತಾದ ದಿನ ಅವಳು ಯಜಮಾನರ ಕೋಣೆಗೆ ಹೋಗಿ ಕೇಳಿದಳು. ನಾನೂ ಜೊತೆಗಿದ್ದೆ. ನಿನ್ನ ಗಂಟಲು ಮಧ್ಯದಲ್ಲಿ ಕೈಕೊಟ್ಟರೆ ಚಾನೆಲ್ಲಿನವರಿಗೆ ನಾನು ಏನು ಹೇಳಲಿ ಎಂದು ಅವರು ವಾದಿಸಿದರು. ನೋಡುವವರು ಒಪ್ಪುವುದಿಲ್ಲ ಎಂದಳು ಇವಳು. ಆಗ ಅವರು ನಗುತ್ತಾ ಹೇಳಿದರು, "ಹಾಗಾದ್ರೆ ಜನಾನೇ ಕೇಳಲಿ ಬಿಡಮ್ಮ. ಮೊದಲನೇ ಕಂತು ಹೋಗಲಿ. ದನಿ ಬದಲಾಗಿದೆ, ಹಳೇದೇ ಬೇಕು ಅಂತ ಜನ ಅಂದ್ರೆ ಮುಂದಿನ ವಾರದಿಂದ ನೀನೇ. ಯಾರೂ ಏನೂ ಅನ್ನದೇ ಇದ್ರೆ ನೀನೂ ಏನೂ ಅನ್ನಬಾರದು."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಇದು ಮೋಸ ಎಂದು ನನಗೆ ಅಲ್ಲೇ ಸಿಟ್ಟು ಬಂತು. ಅವಳಿಗೆ ಸಂತೋಷವಾಯಿತು! ಅಷ್ಟು ನಂಬಿಕೆ ಅಭಿಮಾನಿಗಳ ಮೇಲೆ. ಮೆಟ್ಟಿಲಿಳಿಯುವಾಗ, ಮನೆಯಲ್ಲಿ ಯಾರಿಗೂ ಹೇಳಿಲ್ಲ, ನೀವೂ ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಳು. ಯಾಕೆ ಎಂದರೆ, "ಹೇಳಿಕೊಟ್ಟ ಸಾಕ್ಷಿ ಸಾಕ್ಷಿ ಅಲ್ಲ ಮಾವ. ಅವರಿಗೇ ಗೊತ್ತಾಗಲಿ. ಮಗಳು ಮೊದಲನೇ ಮಾತಿಗೇ ಹಿಡೀತಾಳೆ ನೋಡ್ತಿರಿ" ಎಂದಳು.

ಭಾನುವಾರ ಸಂಜೆ ನನ್ನನ್ನೂ ಮನೆಗೆ ಕರೆದಿದ್ದಳು. ಚಿಕ್ಕ ಹಾಲು, ಗೋಡೆಗೆ ಒರಗಿಸಿದ ಹೊಲಿಗೆ ಮೆಷಿನ್ನು, ಅದರ ಮೇಲೆ ಟೀವಿ. ಅತ್ತೆ ಕುರ್ಚಿಯಲ್ಲಿ, ಮಗಳು ನೆಲದ ಮೇಲೆ ಮೊಬೈಲ್ ಹಿಡಿದು, ನಾನು ಬಾಗಿಲ ಹತ್ತಿರ. ಇವಳು ಟೀವಿಗೆ ಬೆನ್ನು ಹಾಕಿದ ಹಾಗೆ ಓರೆಯಾಗಿ ಕೂತಳು. ನೋಡಬೇಕಾಗಿದ್ದದ್ದು ಟೀವಿಯನ್ನಲ್ಲ, ಮನೆಯವರ ಮುಖವನ್ನು.

ಹೊಸ ಸಂಸಾರ ಬಂತು, ಪೆಟ್ಟಿಗೆಗಳು ಬಂದವು, ಮಹಡಿಯ ಮೆಟ್ಟಿಲು ಕಿರುಗುಟ್ಟಿತು. ಬಾಗಿಲಿನ ಹಿಂದಿನಿಂದ ದನಿ ಬಂತು, "ಬಾಗಿಲು ತೆಗಿ, ನಾನಿನ್ನೂ ಒಳಗಿದೀನಿ."

ಅತ್ತೆ ಕಣ್ಣು ಮುಚ್ಚಿದರು. ಮಗಳು ಅಮ್ಮನ ಮೊಣಕಾಲು ಹಿಡಿದುಕೊಂಡು, "ಅಬ್ಬಾ, ಈ ಸಲ ಇನ್ನೂ ಚೆನ್ನಾಗಿ ಮಾಡಿದೀಯಮ್ಮ" ಎಂದಳು.

ನಾನು ದೆವ್ವದ ಮುಖ ನೋಡಿದೆ. ಸೀರಿಯಲ್ಲಿನ ದೆವ್ವದ್ದಲ್ಲ, ನಮ್ಮವಳದ್ದು. ಅವಳು ಮಗಳ ತಲೆ ಸವರಿದಳು. ತೊಡೆ ತಟ್ಟುತ್ತಾಳೆ ಎಂದು ಅತ್ತೆ ಕಣ್ಣು ಮುಚ್ಚಿಕೊಂಡೇ ಕಾದರು, ಆ ಸಂಜೆ ಅವಳಿಗೆ ಅದು ನೆನಪಾಗಲಿಲ್ಲ.

ಕಂತು ಮುಗಿಯುವ ಮೊದಲೇ ಅಭಿಮಾನಿಗಳು ರೊಚ್ಚಿಗೆದ್ದಿದ್ದರು. ಮಗಳು ಒಂದೊಂದಾಗಿ ಓದತೊಡಗಿದಳು. ಇವಳು ನೆಟ್ಟಗೆ ಕೂತಳು, ನನ್ನ ಕಡೆ ನೋಡಿದಳು. ಅವಳ ಕಣ್ಣಲ್ಲಿ ಇನ್ನೂ ಆಸೆ ಇತ್ತು. ಏನು ಬದಲಾಯಿಸಿದ್ದೀರಿ, ನಮ್ಮನ್ನು ಕುರುಡರು ಎಂದುಕೊಂಡಿದ್ದೀರಾ, ಹಳೆಯದನ್ನೇ ವಾಪಸ್ ತನ್ನಿ, ಇದು ನಮ್ಮ ಭಾವನೆಗಳ ಪ್ರಶ್ನೆ, ಹೀಗೆ ನೂರಾರು ಜನ. ವಿಷಯ ಬಾಗಿಲಿನ ಬಣ್ಣದ್ದು. ಹೋದ ಸೀಸನ್ನಿನಲ್ಲಿ ಹಸಿರಿದ್ದ ಬಾಗಿಲು ಈ ಸಲ ನೀಲಿಯಾಗಿತ್ತು. ಯಾರೋ ಹಳೆಯ ಬಾಗಿಲಿನ ಚಿತ್ರ ಪಕ್ಕದಲ್ಲಿಟ್ಟು ಅದರ ಹಿಡಿಕೆಯೂ ಬೇರೆ ಎಂದು ಸಾಧಿಸಿದ್ದರು. ಒಬ್ಬರಂತೂ ಊಟ ಸೇರುತ್ತಿಲ್ಲ ಎಂದು ಬರೆದಿದ್ದರು. ಇನ್ನು ನಾಯಕ ಮೀಸೆ ತೆಗೆದದ್ದಕ್ಕೆ ಬೇರೆಯೇ ಗೋಳು. ದನಿಯ ಬಗ್ಗೆ ಬರೆದವರೆಲ್ಲ, ಅದೇ ದನಿ, ಮೈ ಜುಮ್ಮೆಂದಿತು, ಅದೊಂದಾದರೂ ಹಾಳು ಮಾಡಿಲ್ಲ ಎಂದು ಕೊಂಡಾಡಿದ್ದರು. ಕಣ್ಣಿದ್ದಷ್ಟು ಕಿವಿ ಇಲ್ಲದ ಜನ, ನನಗೆ ಅವರೆಲ್ಲರ ಕಿವಿ ಹಿಂಡಬೇಕು ಅನ್ನಿಸಿತು.

ಅಷ್ಟರಲ್ಲಿ ಮಗಳು ಜೋರಾಗಿ ನಕ್ಕಳು. "ಇಲ್ಲೊಬ್ಬ ತಲೆಕೆಟ್ಟೋನು ನೋಡಿ" ಎಂದು ಓದಿದಳು. ಆ ಮನುಷ್ಯ ಯಾರೋ, ಬೆಕ್ಕಿನ ಚಿತ್ರ ಹಾಕಿಕೊಂಡು ಹೀಗೆ ಬರೆದಿದ್ದ: ಇದು ಅವರಲ್ಲ. ಅವರು ಉಸಿರು ಒಳಗೆ ಎಳೆದುಕೊಂಡು ಮಾತಾಡುತ್ತಿದ್ದರು, ಇವರು ಹೊರಗೆ ಬಿಡುತ್ತಿದ್ದಾರೆ. ಅವರು ಎಲ್ಲಿ ಹೋದರು? ಹುಷಾರಾಗಿದ್ದಾರಾ?

ನಾನು ಕೂತಲ್ಲಿಂದ ಅರ್ಧ ಎದ್ದುಬಿಟ್ಟೆ. ಇವಳ ಕೈ ಗಂಟಲ ಹತ್ತಿರ ಹೋಯಿತು. ಒಬ್ಬ ಸಿಕ್ಕಿದ್ದ. ಊರಲ್ಲೆಲ್ಲೋ ಒಬ್ಬ ಇವಳ ಉಸಿರನ್ನು ಕೇಳಿಸಿಕೊಂಡಿದ್ದ. ಅವನ ಹಿಂದೆ ಇನ್ನಿಬ್ಬರು, ಹೌದಲ್ಲ, ನನಗೂ ಏನೋ ಬೇರೆ ಅನ್ನಿಸಿತು, ಇನ್ನೊಮ್ಮೆ ಕೇಳಿ ನೋಡುತ್ತೇನೆ ಎಂದು ಬರೆಯತೊಡಗಿದ್ದರು.

ಮಗಳ ಹೆಬ್ಬೆರಳುಗಳು ಆಗಲೇ ಓಡುತ್ತಿದ್ದವು. ಅಮ್ಮನ ಮರ್ಯಾದೆಯ ಪ್ರಶ್ನೆ, ಬಿಡುತ್ತಾಳೆಯೇ? ಕಳಿಸಿದ ಮೇಲೆ ಹೆಮ್ಮೆಯಿಂದ ಓದಿ ಹೇಳಿದಳು. "ಆ ದನಿ ನಮ್ಮ ಅಮ್ಮಂದು. ಹುಟ್ಟಿದಾಗಿಂದ ಕೇಳ್ತಿದೀನಿ. ನನಗಿಂತ ಚೆನ್ನಾಗಿ ನಿಮಗೆ ಗೊತ್ತಾ? ಗಂಟಲು ಕೆಟ್ಟರೂ ನಿಮಗೋಸ್ಕರ ದುಡಿದೋಳ ಬಗ್ಗೆ ಇಲ್ಲದ್ದು ಹಬ್ಬಿಸಬೇಡಿ."

"ಸರಿಯಾಗಿ ಹೇಳಿದೆ ಮಗು" ಎಂದರು ಅತ್ತೆ.

ಲೈಕುಗಳು ಬಂದವೋ ಬಂದವು. ಮಗಳೇ ಬಂದು ಹೇಳಿದ ಮೇಲೆ ಇನ್ನೇನು ಬೇಕು ಎಂದು ಜನ ಬೆಕ್ಕಿನವನ ಮೇಲೆ ಮುಗಿಬಿದ್ದರು. ಕಿವಿ ತೋರಿಸಿಕೋ ಎಂದರು, ಬೆಕ್ಕಿಗೇನು ಗೊತ್ತು ಎಂದರು. ಇನ್ನೊಮ್ಮೆ ಕೇಳುತ್ತೇನೆ ಎಂದಿದ್ದ ಇಬ್ಬರೂ ಅವನನ್ನು ಬೈಯುವವರ ಜೊತೆ ಸೇರಿಕೊಂಡರು. ಸ್ವಲ್ಪ ಹೊತ್ತಿಗೆ ಅವನೇ, ಕ್ಷಮಿಸಿ, ನನ್ನ ಕಿವಿಯೇ ಸರಿ ಇಲ್ಲವೇನೋ, ತಾಯಿಯವರಿಗೆ ನಮಸ್ಕಾರ ತಿಳಿಸಿ ಎಂದು ಬರೆದು, ಮೊದಲು ಬರೆದದ್ದನ್ನು ಅಳಿಸಿಬಿಟ್ಟ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಆ ದೊಣ್ಣೆ ಪ್ರೀತಿಯಿಂದ ಬೀಸಿದ್ದು ಎಂಬುದೇ ನನಗೆ ಇವತ್ತಿಗೂ ನುಂಗಲಾಗದ ಮಾತು.

ನಾನು ಬಾಯಿ ಬಿಡುವವನಿದ್ದೆ. ಅವಳು ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದಳು.

ಮಾರನೆಯ ದಿನ ಯಜಮಾನರು ಇವಳನ್ನು ಕರೆಸಿದರು. ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ, ಅದನ್ನು ಒಪ್ಪಬೇಕು. ಮೊಬೈಲು ಮೇಜಿನ ಮೇಲೆ ಅವಳ ಕಡೆಗೆ ತಿರುಗಿಸಿ, "ಒಬ್ಬ ಅಂದಿದ್ದ. ಅವನ ಬಾಯಿ ಮುಚ್ಚಿಸಿದ್ದು ನಾನಲ್ಲಮ್ಮ" ಎಂದರು. ಇವಳು ಓದಲಿಲ್ಲ. ಗೊತ್ತು ಎಂದಳು. ಯಾವ ಕೆಲಸ ಇದೆ ಎಂದು ಕೇಳಿದಳು. ಆಸ್ಪತ್ರೆ ಸೀರಿಯಲ್ ಒಂದರಲ್ಲಿ ನರ್ಸ್ ಇತ್ತು. ಬಳೆ ಕಳಚಿ ಚೀಲಕ್ಕೆ ಹಾಕಿ ಒಳಗೆ ಹೋದಳು.

ಸಂಜೆ ಬಸ್ಸಿಗೆ ಕಾಯುವಾಗ ನನಗೆ ತಡೆಯಲಾಗಲಿಲ್ಲ. ಮಗಳಿಗೆ ಹೇಳಮ್ಮ, ಅವಳೇ ಇನ್ನೊಂದು ಸಾಲು ಬರೆದು ತಿದ್ದಲಿ, ಜನ ನಂಬುತ್ತಾರೆ ಎಂದು ಗದರಿದೆ. ಅವಳು ತರಕಾರಿ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು.

"ಹೇಳಿದ್ರೆ ಅವಳಿಗೆ ಎರಡು ನೋವು ಮಾವ. ಅಮ್ಮನ ಬದುಕಿಗೆ ತಾನೇ ಕಲ್ಲು ಹಾಕಿದೆ ಅನ್ನೋದು ಒಂದು. ಅಮ್ಮನ ದನಿ ತನಗೇ ಗೊತ್ತಾಗಲಿಲ್ಲ ಅನ್ನೋದು ಇನ್ನೊಂದು. ಮೊದಲನೇದನ್ನ ಹೇಗೋ ತಡ್ಕೊಳ್ತಾಳೆ. ಎರಡನೇದು ನನ್ನ ಹತ್ರಾನೇ ಇರಲಿ."

ಅವಳು ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಕಣ್ಣು ಒರೆಸಿಕೊಂಡವನು ನಾನು. ಸೀರಿಯಲ್ಲುಗಳಲ್ಲಿ ಎಷ್ಟೋ ಸಲ ಸತ್ತು ಹೆಂಗಸರನ್ನು ಅಳಿಸಿದ ಮಾವ ನಾನು, ಬಸ್ ಸ್ಟಾಪಿನಲ್ಲಿ ಹೆಗಲ ಟವೆಲ್ ಹುಡುಕಿದೆ.

ಮೂರನೇ ಕಂತಿಗೆಲ್ಲ ಬಾಗಿಲು ಮತ್ತೆ ಹಸಿರಾಯಿತು, ಚಿತ್ರಕ್ಕೆ ಕಂಪ್ಯೂಟರಿನಲ್ಲೇ ಬಣ್ಣ ಬಳಿದಿದ್ದರು. ಅಭಿಮಾನಿಗಳ ಮಾತಿಗೆ ನಾವು ಸದಾ ತಲೆಬಾಗುತ್ತೇವೆ ಎಂದು ಚಾನೆಲ್ಲಿನವರು ದೊಡ್ಡ ಅಕ್ಷರದಲ್ಲಿ ಹಾಕಿದರು. ಆ ಭಾನುವಾರ ಮಗಳು ನನ್ನನ್ನು ತಾನೇ ಫೋನ್ ಮಾಡಿ ಕರೆದಿದ್ದಳು. ಹಸಿರು ಬಾಗಿಲು ಕಂಡಾಗ ಚಪ್ಪಾಳೆ ಹೊಡೆದಳು. ಅದರ ಹಿಂದಿನಿಂದ ಆ ಹುಡುಗಿಯ ದನಿ ಬಂತು, ಬಾಗಿಲು ತೆಗಿ ಎಂದಿತು. ಅತ್ತೆ ಕಣ್ಣು ಮುಚ್ಚಿಕೊಂಡು ಸೊಸೆಯ ಕೈ ಹುಡುಕಿದರು.

"ನೀನೇ ಅಂತ ಗೊತ್ತಿದ್ರೂ ಹೆದರಿಕೆ ಆಗುತ್ತೆ ಕಣೇ" ಎಂದರು.

ಇವಳು ಅವರ ತೊಡೆ ತಟ್ಟಿದಳು. "ಹೆದರಬೇಡಿ ಅತ್ತೆ, ಅದು ನಾನಲ್ಲ" ಎಂದಳು.

ಅತ್ತೆ ಕಣ್ಣು ಬಿಟ್ಟು ನಕ್ಕರು. ಅಮ್ಮ ಹೊಸ ಜೋಕ್ ಕಲಿತಿದ್ದಾಳೆ ಎಂದು ಮಗಳೂ ನಕ್ಕಳು.